ಆಟಿಗೆ ಎರಡು ಅಮಾವಾಸ್ಯೆ

2025ರಲ್ಲಿ ನಮ್ಮ ಮನೆಯಲ್ಲಿ ಕೃಷ್ಣ ಎರಡು ಸಲ ಹುಟ್ಟಿದ. ಆಗಸ್ಟ್ 16ರಂದು ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳೆಲ್ಲ ತಲೆಗೆ ನವಿಲುಗರಿ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿ ಇಳಿದರು. ನಾನೂ ಅವಲಕ್ಕಿ ಕಲಸಿ, ಬೆಣ್ಣೆ ಇಟ್ಟು ಕೈಮುಗಿದೆ. ಅತ್ತೆ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ತಿಂದರು, ಆದರೆ ಉಪವಾಸ ಹಿಡಿಯಲಿಲ್ಲ. ಅವರ ಅಷ್ಟಮಿ ಇನ್ನೂ ಬಂದಿರಲಿಲ್ಲ. ಅದು ಬಂದದ್ದು ಸೆಪ್ಟೆಂಬರ್ 14ಕ್ಕೆ, ಉಡುಪಿಯಲ್ಲಿ ಆಚರಿಸಿದ ದಿನವೇ. ಅಂದು ಹಗಲೆಲ್ಲ ಉಪವಾಸವಿದ್ದು ನಡುರಾತ್ರಿ ಬಾಲ್ಕನಿಯಲ್ಲಿ ನಿಂತು ಅರ್ಘ್ಯ ಕೊಟ್ಟರು. ಮರುದಿನ ವಿಟ್ಲಪಿಂಡಿಯ ಮೊಸರುಕುಡಿಕೆ, ಹುಲಿವೇಷಗಳನ್ನು ಮೊಬೈಲಿನಲ್ಲಿ ನೋಡುತ್ತ ಕುಳಿತರು. ‘ಅಜ್ಜಿ, ಕೃಷ್ಣನಿಗೆ ಎರಡು ಬರ್ತ್‌ಡೇಯಾ?’ ಎಂದು ಮಗಳು ಕೇಳಿದಾಗ ಅತ್ತೆ ನಕ್ಕರು. ‘ನಿನ್ನ ಅಮ್ಮನ ಊರಿನವರಿಗೆ ಅವಸರ ಜಾಸ್ತಿ’ ಎಂದರು.

ನನ್ನ ತವರು ಬಾಗಲಕೋಟೆಯ ಕಡೆ, ಗಂಡನ ಮನೆ ಪುತ್ತೂರಿನ ಕಡೆ. ಮದುವೆಯಾದ ಹೊಸದರಲ್ಲಿ ಭಾಷೆ, ಅಡುಗೆ, ಸೆಕೆ ಇವೆಲ್ಲ ಬೇರೆಯಾಗಿರುತ್ತವೆ ಎಂದು ಎಲ್ಲರೂ ಹೇಳಿದ್ದರು. ತಿಂಗಳುಗಳೇ ಬೇರೆಯಾಗಿರುತ್ತವೆ ಎಂದು ಯಾರೂ ಹೇಳಿರಲಿಲ್ಲ. ಅವ್ವ ಫೋನಿನಲ್ಲಿ ‘ಹುಣ್ಣಿಮೆ ಯಾವತ್ತು?’ ಎಂದು ಕೇಳುತ್ತಾಳೆ. ಅತ್ತೆ ‘ಸಂಕ್ರಮಣ ಯಾವತ್ತು?’ ಎನ್ನುತ್ತಾರೆ. ನನ್ನ ಅವ್ವನ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ, ಅತ್ತೆಯ ತಿಂಗಳು ಸೂರ್ಯ ರಾಶಿ ಬದಲಿಸಿದಾಗ. ಅವ್ವನ ಶ್ರಾವಣದಲ್ಲಿ ಬರುವ ಬಹುಳ ಅಷ್ಟಮಿಯೇ ಕೃಷ್ಣಾಷ್ಟಮಿ. ಅತ್ತೆಗೆ ಅಷ್ಟಮಿಯ ಜೊತೆಗೆ ಸೂರ್ಯ ಸಿಂಹರಾಶಿಯಲ್ಲಿಯೂ ಇರಬೇಕು, ಅಂದರೆ ಸೋಣ ತಿಂಗಳು ಹುಟ್ಟಿರಬೇಕು. ಆ ವರ್ಷ ಸೋಣ ಹುಟ್ಟಿದ್ದು ಆಗಸ್ಟ್ 17ಕ್ಕೆ. ಒಂದೇ ಒಂದು ದಿನದ ಅಂತರದಲ್ಲಿ ಅಷ್ಟಮಿ ತಪ್ಪಿಹೋಗಿ, ಮುಂದಿನ ಅಷ್ಟಮಿಗೆ ಸುಮಾರು ಒಂದು ತಿಂಗಳು ಕಾಯಬೇಕಾಯಿತು. 2020ರಲ್ಲೂ ಹೀಗೆಯೇ ಆಗಿತ್ತು. ಸೂರ್ಯಚಂದ್ರರ ಲೆಕ್ಕ ಕೂಡಿಬಂದ ವರ್ಷಗಳಲ್ಲಿ ಎರಡೂ ಕಡೆ ಒಂದೇ ದಿನ.

ಇದರ ಜೊತೆಗೆ ಉತ್ತರ ಭಾರತದವರ ಲೆಕ್ಕ ಇನ್ನೊಂದು. ಅವರಿಗೆ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ. ಹಾಗಾಗಿ ನಾವು ಶ್ರಾವಣ ಬಹುಳ ಎನ್ನುವ ಪಕ್ಷ ಅವರಿಗೆ ಆಗಲೇ ಭಾದ್ರಪದ, ನಮ್ಮ ಮಾಘದ ಶಿವರಾತ್ರಿ ಅವರಿಗೆ ಫಾಲ್ಗುಣದ್ದು. ಹೆಸರು ಬೇರೆಯಾದರೂ ದಿನ ಒಂದೇ ಆದದ್ದರಿಂದ ಇದು ಜಗಳಕ್ಕೆ ಬರುವುದಿಲ್ಲ. ಕಚೇರಿಯ ಊಟದ ಮೇಜಿನಲ್ಲಿ ಮಾತ್ರ ಆಗಾಗ ಚರ್ಚೆಯಾಗುತ್ತದೆ.

ಈ ಗೊಂದಲಗಳೆಲ್ಲ ಎಲ್ಲಿಂದ ಹುಟ್ಟುತ್ತವೆ ಎಂದು ಹುಡುಕುತ್ತ ಹೋದರೆ ತಿಥಿಯ ಬಳಿ ಬಂದು ನಿಲ್ಲುತ್ತೇವೆ. ಸೂರ್ಯನಿಂದ ಚಂದ್ರ 12 ಡಿಗ್ರಿ ಮುಂದೆ ಸರಿದರೆ ಒಂದು ತಿಥಿ. ಅಂಥ 30 ಸೇರಿದರೆ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಒಂದು ಸುತ್ತು. ಆ ಸುತ್ತಿಗೆ ಬೇಕಾದದ್ದು ಸರಾಸರಿ ಇಪ್ಪತ್ತೊಂಬತ್ತೂವರೆ ದಿನ. ಚಂದ್ರನ ನಡಿಗೆ ಸಮವಲ್ಲ. ಭೂಮಿಗೆ ಹತ್ತಿರವಿದ್ದಾಗ ಓಡುತ್ತಾನೆ, ದೂರವಿದ್ದಾಗ ನಿಧಾನಿಸುತ್ತಾನೆ. ಹಾಗಾಗಿ ಒಂದು ತಿಥಿ ಸುಮಾರು 20 ಗಂಟೆಗೂ ಮುಗಿಯಬಹುದು, 27 ಗಂಟೆಯವರೆಗೂ ಎಳೆಯಬಹುದು. ಅದು ಬೆಳಗ್ಗೆ ಶುರುವಾಗಬೇಕೆಂಬ ನಿಯಮವಿಲ್ಲ. ಮಧ್ಯಾಹ್ನ ಮೂರೂವರೆಗೆ ಶುರುವಾಗಬಹುದು, ನಡುರಾತ್ರಿ ಮುಗಿಯಬಹುದು. ಎರಡು ಸೂರ್ಯೋದಯಗಳನ್ನು ಕಂಡ ತಿಥಿ ವೃದ್ಧಿಯಾಯಿತು, ಒಂದೂ ಸೂರ್ಯೋದಯ ಕಾಣದೆ ಮುಗಿದದ್ದು ಕ್ಷಯವಾಯಿತು. 2025ರ ಮೈಸೂರು ದಸರಾ ಹತ್ತು ದಿನದ ಬದಲು ಹನ್ನೊಂದು ದಿನ ನಡೆದದ್ದು, ಸೆಪ್ಟೆಂಬರ್ 22ರಿಂದ ಅಕ್ಟೋಬರ್ 2ರವರೆಗೆ, ಇಂಥ ವೃದ್ಧಿಯಿಂದಲೇ.

ಗೋಡೆಯ ಕ್ಯಾಲೆಂಡರು ಈ ಜಾರುವ ವಸ್ತುವನ್ನು ಒಂದು ಚೌಕದೊಳಗೆ ಕೂರಿಸಿ ಕೆಂಪು ಶಾಯಿ ಬಳಿಯುತ್ತದೆ. ಹಬ್ಬ ಕೇಳುವುದು ದಿನವನ್ನಲ್ಲ, ಹೊತ್ತನ್ನು. ಗಣೇಶ ಚತುರ್ಥಿಗೆ ಮಧ್ಯಾಹ್ನದಲ್ಲಿ ಚತುರ್ಥಿ ಇರಬೇಕು. ರಾಮನವಮಿಗೂ ಮಧ್ಯಾಹ್ನವೇ. ಶಿವರಾತ್ರಿಗೆ ನಡುರಾತ್ರಿಯ ಚತುರ್ದಶಿ ಬೇಕು, ಹಗಲಿನಲ್ಲಿ ಯಾವ ತಿಥಿ ಇದ್ದರೂ ಶಿವನಿಗೆ ಬೇಸರವಿಲ್ಲ. ನರಕ ಚತುರ್ದಶಿಯ ಎಣ್ಣೆಸ್ನಾನ ಬೆಳಕು ಹರಿಯುವ ಮುನ್ನ ಆಗಬೇಕು, ಲಕ್ಷ್ಮೀಪೂಜೆಗೆ ಸೂರ್ಯ ಮುಳುಗಿದ ಮೇಲಿನ ಅಮಾವಾಸ್ಯೆ ಬೇಕು. ವಿಜಯದಶಮಿಗೂ ಪಿತೃಕಾರ್ಯಕ್ಕೂ ಅಪರಾಹ್ಣ. ಪ್ರತಿ ಹಬ್ಬಕ್ಕೂ ಅದರದೇ ಗಂಟೆ ಇದೆ ಎಂದು ತಿಳಿದ ಮೇಲೆ, ‘ಈ ಪಂಡಿತರಿಗೆ ಒಂದು ದಿನ ಸರಿಯಾಗಿ ಹೇಳಲು ಏನು ಕಷ್ಟ?’ ಎಂಬ ವಾಟ್ಸಾಪ್ ಸಂದೇಶಗಳನ್ನು ನಾನು ಯಾರಿಗೂ ಕಳಿಸುವುದಿಲ್ಲ.

2025ರ ದೀಪಾವಳಿಯನ್ನೇ ನೋಡಿ. ಅಕ್ಟೋಬರ್ 20ರ ನಸುಕಿನಲ್ಲಿ ಚತುರ್ದಶಿ ಇತ್ತು, ಎಣ್ಣೆಸ್ನಾನ ಆಯಿತು. ಅದೇ ದಿನ ಮಧ್ಯಾಹ್ನ ಮೂರೂಮುಕ್ಕಾಲರ ಸುಮಾರಿಗೆ ಅಮಾವಾಸ್ಯೆ ಹಿಡಿಯಿತು. ಅಂದು ಸಂಜೆಯೇ ಲಕ್ಷ್ಮೀಪೂಜೆ ಮಾಡಿದವರು ಬಹಳ. ಆದರೆ ಅಮಾವಾಸ್ಯೆ ಮುಗಿದದ್ದು ಮರುದಿನ ಸಂಜೆ ಆರಕ್ಕೆ ಐದಾರು ನಿಮಿಷವಿದ್ದಾಗ, ಅಂದರೆ ಬೆಂಗಳೂರಿನಲ್ಲಿ ಸರಿಯಾಗಿ ಸೂರ್ಯ ಮುಳುಗುವ ಹೊತ್ತಿಗೆ. ಪೂರ್ವದ ಕೋಲ್ಕತ್ತಾದಲ್ಲಿ ಆಗಲೇ ಕತ್ತಲೆ, ಪಶ್ಚಿಮದ ದ್ವಾರಕೆಯಲ್ಲಿ ಇನ್ನೂ ಬಿಸಿಲು. ಒಂದೇ ನಿಯಮವನ್ನು ಶ್ರದ್ಧೆಯಿಂದ ಪಾಲಿಸುವ ಇಬ್ಬರು, ಬೇರೆ ಬೇರೆ ಊರಿನಲ್ಲಿ ನಿಂತ ಮಾತ್ರಕ್ಕೆ, ಬೇರೆ ಬೇರೆ ಉತ್ತರಕ್ಕೆ ಬರಬಹುದು. ಹಿಂದಿನ ವರ್ಷವೂ ಇದೇ ತಕರಾರು. ಅಕ್ಟೋಬರ್ 31ರಂದು ನಮಗೆ ನರಕ ಚತುರ್ದಶಿ, ನವೆಂಬರ್ 2ಕ್ಕೆ ಬಲಿಪಾಡ್ಯಮಿ, ನಡುವಿನ ಅಮಾವಾಸ್ಯೆಯ ದಿನ ಕನ್ನಡ ರಾಜ್ಯೋತ್ಸವ. ದೀಪದ ಸಾಲಿನ ಪಕ್ಕ ಬಾವುಟ ಕಟ್ಟಿದ ಆ ಸಂಜೆ ನಮ್ಮ ಬೀದಿ ಬಹಳ ಚೆನ್ನಾಗಿ ಕಾಣುತ್ತಿತ್ತು.

ತಕರಾರು ಇಂದಿನದಲ್ಲ ಎಂಬುದಕ್ಕೆ ಅದನ್ನು ಬಗೆಹರಿಸಲು ಬರೆದ ಗ್ರಂಥಗಳೇ ಸಾಕ್ಷಿ. ವಿಜಯನಗರದ ಬುಕ್ಕರಾಯನ ಕಾಲದಲ್ಲಿ ಮಾಧವಾಚಾರ್ಯರು ‘ಕಾಲನಿರ್ಣಯ’ ಬರೆದರು. ತಿಥಿಗಳನ್ನು ಒಂದೊಂದಾಗಿ ಎತ್ತಿಕೊಂಡು ಯಾವ ಕರ್ಮಕ್ಕೆ ಯಾವುದು ಗ್ರಾಹ್ಯ ಎಂದು ವಾದಿಸುವ ಗ್ರಂಥ ಅದು. ಆಮೇಲೆ 1612ರಲ್ಲಿ ‘ನಿರ್ಣಯಸಿಂಧು’, ಹದಿನೆಂಟನೆಯ ಶತಮಾನದ ಕೊನೆಗೆ ‘ಧರ್ಮಸಿಂಧು’. ನೂರಾರು ವರ್ಷ ನಿರ್ಣಯದ ಮೇಲೆ ನಿರ್ಣಯ ಬಂದರೂ ಸ್ಮಾರ್ತರ ಏಕಾದಶಿ ಒಂದು ದಿನ, ವೈಷ್ಣವರ ಏಕಾದಶಿ ಮರುದಿನ ಎಂದು ಇಂದಿಗೂ ಕ್ಯಾಲೆಂಡರಿನಲ್ಲಿ ಅಚ್ಚಾಗುತ್ತದೆ. ಒಂಟಿಕೊಪ್ಪಲ್ ಪಂಚಾಂಗ ನಂಬುವವರು ಅದನ್ನು ಬಿಡುವುದಿಲ್ಲ, ಉತ್ತರ ಕನ್ನಡದವರು ಬಗ್ಗೋಣ ಪಂಚಾಂಗವನ್ನು ಬಿಡುವುದಿಲ್ಲ, ಮಠಗಳಿಗೆ ಅವುಗಳದೇ ಪಂಚಾಂಗ. ನನಗೆ ಇದರಲ್ಲಿ ಅವಮಾನದ ಸಂಗತಿ ಏನೂ ಕಾಣುವುದಿಲ್ಲ. ಇಡೀ ದೇಶಕ್ಕೆ ಒಂದೇ ದಿನ ಗೊತ್ತುಮಾಡಿ ಆದೇಶ ಹೊರಡಿಸಿದರೆ ಸಾಕು ಎನ್ನುವವರನ್ನು ಕಂಡರೆ ಮಾತ್ರ, ಇವರು ಎಂದಾದರೂ ತಲೆ ಎತ್ತಿ ಆಕಾಶ ನೋಡಿದ್ದಾರೆಯೇ ಎಂದು ಅನುಮಾನ ಬರುತ್ತದೆ.

ನ್ಯೂಜೆರ್ಸಿಯಲ್ಲಿರುವ ನನ್ನ ತಮ್ಮನಿಗೆ ಈ ಪಾಠ ಇನ್ನೂ ಬೇಗ ತಿಳಿಯಿತು. ತಿಥಿ ಬದಲಾಗುವ ಗಳಿಗೆ ಇಡೀ ಭೂಮಿಗೆ ಒಂದೇ. ಇಲ್ಲಿ ಬೆಳಗ್ಗೆ ಎಂಟಕ್ಕೆ ಮುಗಿಯುವ ತಿಥಿ ಅಲ್ಲಿ ಹಿಂದಿನ ರಾತ್ರಿಯೇ ಮುಗಿದಿರುತ್ತದೆ. ಅವ್ವ ಹೇಳಿದ ತಾರೀಖಿಗೆ ಅವನು ಹಬ್ಬ ಮಾಡಿದರೆ ಆಕಾಶದಲ್ಲಿ ಹಬ್ಬ ಮುಗಿದು ಆಗಿರಬಹುದು. ಈಗ ಅವರ ಊರಿನ ದೇವಸ್ಥಾನದವರು ಆ ಊರಿನ ಸೂರ್ಯೋದಯಕ್ಕೇ ಲೆಕ್ಕ ಹಾಕಿದ ಪಟ್ಟಿ ಕೊಡುತ್ತಾರೆ. ಕನ್ನಡ ಕೂಟದ ಹಬ್ಬಕ್ಕೆ ಅದೂ ಬೇಕಿಲ್ಲ, ಯಾವ ತಿಥಿಯಾದರೂ ಹತ್ತಿರದ ಶನಿವಾರಕ್ಕೆ ಬರುತ್ತದೆ.

ಅವ್ವನಿಗೆ ಈ ಡಿಗ್ರಿ, ಗಂಟೆ ಯಾವುದೂ ಬೇಕಿಲ್ಲ. ಅವಳ ವರ್ಷ ಹುಣ್ಣಿಮೆಯಿಂದ ಹುಣ್ಣಿಮೆಗೆ ದಾಟುತ್ತದೆ, ಪ್ರತಿಯೊಂದಕ್ಕೂ ಹೆಸರಿದೆ. ಚೈತ್ರದ್ದು ದವನದ ಹುಣ್ಣಿಮೆ, ವೈಶಾಖದ್ದು ಆಗಿ ಹುಣ್ಣಿಮೆ, ಜ್ಯೇಷ್ಠದ್ದು ಕಾರಹುಣ್ಣಿಮೆ. ಆಷಾಢಕ್ಕೆ ಕಡ್ಲಿಗಡಬಿನ ಹುಣ್ಣಿಮೆ, ಶ್ರಾವಣಕ್ಕೆ ನೂಲ ಹುಣ್ಣಿಮೆ, ಆಶ್ವೀಜಕ್ಕೆ ಸೀಗಿ ಹುಣ್ಣಿಮೆ, ಕಾರ್ತಿಕಕ್ಕೆ ಗೌರಿ ಹುಣ್ಣಿಮೆ, ಮಾರ್ಗಶಿರಕ್ಕೆ ಹೊಸ್ತಿಲ ಹುಣ್ಣಿಮೆ. ಪುಷ್ಯದ ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿಯ ತೇರು, ಮಾಘದ ಭರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಜಾತ್ರೆ. ಶಾಲೆಯಲ್ಲಿ ಚೈತ್ರ, ವೈಶಾಖ ಎಂದು ಬಾಯಿಪಾಠ ಮಾಡುವ ಮೊದಲೇ ಈ ಹೆಸರುಗಳು ನನಗೆ ಗೊತ್ತಿದ್ದವು, ಏಕೆಂದರೆ ಪ್ರತಿ ಹೆಸರಿನ ಹಿಂದೆ ಒಂದು ತಿನಿಸೋ ತೇರೋ ಇತ್ತು.

ಕಾರಹುಣ್ಣಿಮೆಗೆ ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆ ಅಗಸಿಯ ಬಳಿ ಕರಿ ಹರಿಯುವುದಕ್ಕೆ ಓಡಿಸುತ್ತಾರೆ. ಮೊದಲು ದಾಟಿದ್ದು ಬಿಳಿ ಎತ್ತೋ ಕೆಂದ ಎತ್ತೋ ಎಂಬುದರ ಮೇಲೆ ಹಿಂಗಾರಿ ಚೆನ್ನಾಗಿ ಬರುತ್ತದೋ ಮುಂಗಾರಿಯೋ ಎಂದು ಹಿರಿಯರು ಕಟ್ಟೆಯ ಮೇಲೆ ಕುಳಿತು ತೀರ್ಮಾನಿಸುತ್ತಾರೆ. ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಓಡಿದ ಎತ್ತುಗಳು ಈಗ ಎರೆಮಣ್ಣಿನಲ್ಲಿ ಅಂಗೈಯಗಲದ ಗಾತ್ರಕ್ಕೆ ಇಳಿದು ದೇವರ ಜಗುಲಿ ಏರುತ್ತವೆ. ಅಲ್ಲಿಂದ ಮುಂದೆ ಮುಂಗಾರಿನುದ್ದಕ್ಕೂ ಮಣ್ಣಿನದೇ ಪೂಜೆ. ಆಷಾಢದಲ್ಲಿ ಗುಳ್ಳವ್ವ, ಶ್ರಾವಣದಲ್ಲಿ ನಾಗಪ್ಪ, ಭಾದ್ರಪದದಲ್ಲಿ ಗಣಪ, ಅವನ ಹಿಂದೆಯೇ ಜೋಕುಮಾರ. ನೆಲ ಹದವಾಗಿ ಕೈಗೆ ಅಂಟುವ ಕಾಲದಲ್ಲಿಯೇ ದೇವರೆಲ್ಲ ಮಣ್ಣಿನಿಂದ ಬರುತ್ತಾರೆ. ಬೇಸಿಗೆಯಲ್ಲಿ ಒಬ್ಬರೂ ಇಲ್ಲ.

ನನಗೆ ಇವರಲ್ಲಿ ಹೆಚ್ಚು ಪ್ರೀತಿ ಜೋಕುಮಾರನ ಮೇಲೆ. ಭಾದ್ರಪದದ ಅಷ್ಟಮಿಗೆ ಹುಟ್ಟಿ ಹುಣ್ಣಿಮೆಗೆ ಸಾಯುವ ದೇವರು, ಆಯುಷ್ಯ ಒಂದು ವಾರ. ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಅವನನ್ನು ಕೂರಿಸಿ, ಬಾಯಿಗೆ ಬೆಣ್ಣೆ ಮೆತ್ತಿ, ಹಾಡು ಹೇಳುತ್ತ ಮನೆ ಮನೆಗೆ ತರುತ್ತಾರೆ. ನಮ್ಮ ಕಡೆ ಹೇಳುವ ಕತೆ ಹೀಗಿದೆ: ಗಣಪ ಕಡುಬು ಹೋಳಿಗೆ ಉಂಡು ಹೊಟ್ಟೆ ತುಂಬಿಸಿಕೊಂಡು ಮೇಲೆ ಹೋಗಿ, ಭೂಲೋಕದಲ್ಲಿ ಎಲ್ಲ ಸುಭಿಕ್ಷವಾಗಿದೆ ಎಂದು ಶಿವನಿಗೆ ಒಪ್ಪಿಸುತ್ತಾನೆ. ಜೋಕುಮಾರ ಕೇರಿಕೇರಿ ಅಲೆದವನು, ಮಳೆಯಿಲ್ಲದೆ ಬೆಳೆ ಬಾಡಿದ್ದನ್ನು ಕಂಡವನು. ಅವನು ಹೋಗಿ ಇದ್ದದ್ದು ಇದ್ದಂತೆ ಹೇಳುತ್ತಾನೆ, ಆಗ ಮಳೆ ಬರುತ್ತದೆ. ಸರ್ಕಾರಿ ರಜೆಯ ಪಟ್ಟಿಯಲ್ಲಿ ಗಣಪನಿಗೆ ಜಾಗವಿದೆ, ಜೋಕುಮಾರನಿಗೆ ಇಲ್ಲ. ವರದಿ ಒಪ್ಪಿಸುವವರಲ್ಲಿ ಯಾರಿಗೆ ಮನ್ನಣೆ ಸಿಗುತ್ತದೆ ಎಂಬುದು ಹಳೆಯ ಕತೆಗಾರರಿಗೆ ಚೆನ್ನಾಗಿ ಗೊತ್ತಿತ್ತು.

ಆಮೇಲೆ ಸೀಗಿ ಹುಣ್ಣಿಮೆ. ತೆನೆ ಕಟ್ಟುವ ಹೊತ್ತು. ಭೂಮಿ ಬಸುರಿ, ಅವಳಿಗೆ ಬಯಕೆಯ ಊಟ. ಮಲೆನಾಡಿನಲ್ಲಿ ಇದೇ ಭೂಮಿ ಹುಣ್ಣಿಮೆ. ಕೆಮ್ಮಣ್ಣು ಬಳಿದ ಬುಟ್ಟಿಯ ಮೇಲೆ ಅಕ್ಕಿಹಿಟ್ಟಿನ ಚಿತ್ತಾರ ಬರೆದು, ಸಿಕ್ಕಷ್ಟು ಬಗೆಯ ಸೊಪ್ಪನ್ನೆಲ್ಲ ಬೇಯಿಸಿ, ಬೆಳಗಿನ ಜಾವ ಗದ್ದೆಗೆ ಕೊಂಡೊಯ್ದು ಬೀರುತ್ತಾರೆ. ನಮ್ಮ ಕಡೆ ಮತ್ತೊಮ್ಮೆ ಮಾರ್ಗಶಿರದ ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗುತ್ತೇವೆ. ಬಿಳಿಜೋಳ ಎದೆಯೆತ್ತರ ನಿಂತಿರುತ್ತದೆ. ಬನ್ನಿ ಗಿಡದ ಬುಡದಲ್ಲಿ ಕಲ್ಲಿಟ್ಟು ಪೂಜೆ ಮಾಡಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿ ಪಲ್ಯ, ಬುತ್ತಿ ಇವನ್ನೆಲ್ಲ ಕಲಸಿ ಹೊಲದ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲುತ್ತಾರೆ. ಕೂಗಿಕೊಂಡು ಮುಂದೆ ಹೋಗುವವರು ಗಂಡಸರು, ಅಡುಗೆ ಮಾಡಿ ಹೊತ್ತು ತಂದವರು ಹೆಂಗಸರು. ಇದನ್ನೂ ಬರೆಯದಿದ್ದರೆ ಚಿತ್ರ ಪೂರ್ತಿಯಾಗುವುದಿಲ್ಲ.

ಅತ್ತೆಯ ಊರಿನಲ್ಲಿ ಭೂಮಿಗೆ ಬೇರೆ ಲೆಕ್ಕ. ತುಳುನಾಡಿನ ವರ್ಷ ಏಪ್ರಿಲ್ ಮಧ್ಯದ ಬಿಸುವಿಗೆ ಶುರು. ಕಣಿ ಇಟ್ಟು, ಹಿರಿಯರ ಕಾಲಿಗೆ ಬಿದ್ದು, ಪಗ್ಗು ತಿಂಗಳಿಗೆ ಕಾಲಿಡುತ್ತಾರೆ. ಬೇವುಬೆಲ್ಲ ನಾನು ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಪಗ್ಗುವಿನ ನಂತರ ಬೇಸ, ಬೇಸದ ಹತ್ತನೆಯ ದಿನ ಪತ್ತನಾಜೆ. ಮೇ 24ರ ಸುಮಾರಿಗೆ ಬರುವ ಆ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು ನಿಲ್ಲುತ್ತವೆ, ಊರು ಮಳೆಗೆ ಸಿದ್ಧವಾಗುತ್ತದೆ. ತಾರೀಖಿನಂತೆ ಖಚಿತವಾದ ಲೆಕ್ಕ ಅದು, ಸೂರ್ಯನನ್ನು ನಂಬಿದ್ದರಿಂದ. ಇನ್ನು ಪುಯಿಂತೆಲ್ ತಿಂಗಳು ಮುಗಿಯುವ ಹೊತ್ತಿಗೆ, ಫೆಬ್ರವರಿಯಲ್ಲಿ, ಕೆಡ್ಡಸ. ಭೂಮಿತಾಯಿ ಮುಟ್ಟಾಗುವ ಮೂರು ದಿನ. ನೆಲ ಅಗೆಯುವಂತಿಲ್ಲ, ಉಳುವಂತಿಲ್ಲ, ಹಸಿ ಮರ ಕಡಿಯುವಂತಿಲ್ಲ. ಅಕ್ಕಿ ಹುರಿದು ಬೆಲ್ಲ, ಕಾಯಿ ಸೇರಿಸಿ ನನ್ನರಿ ಮಾಡುತ್ತಾರೆ, ಕೊನೆಯ ದಿನ ನೆಲಕ್ಕೆ ಎಣ್ಣೆ ಬಿಟ್ಟು ಸ್ನಾನ ಮಾಡಿಸುತ್ತಾರೆ. ಫೆಬ್ರವರಿಯಲ್ಲಿ ಪುತ್ತೂರಿನಲ್ಲಿ ಮುಟ್ಟಾದ ಭೂಮಿ ಅಕ್ಟೋಬರಿನಲ್ಲಿ ಬಾಗಲಕೋಟೆಯಲ್ಲಿ ಬಸುರಿಯಾಗಿರುತ್ತಾಳೆ ಎಂದು ನಾನು ಒಮ್ಮೆ ಹೇಳಿದಾಗ ಅತ್ತೆ ಬಹಳ ಹೊತ್ತು ನಕ್ಕರು. ಎರಡು ಊರಿನ ಹೆಂಗಸರು ಮಾತನಾಡಿಕೊಂಡೇ ಮಾಡಿರಬೇಕು ಎಂದರು.

ಹಾಗೆಂದು ಅವ್ವ ಚಂದ್ರನ ಕಡೆ, ಅತ್ತೆ ಸೂರ್ಯನ ಕಡೆ ಎಂದು ಗೆರೆ ಎಳೆಯಲು ಹೊರಟರೆ ಅದು ನಿಲ್ಲುವುದಿಲ್ಲ. ಬಿತ್ತನೆಯ ಮಾತು ಬಂದರೆ ಅವ್ವ ಹುಣ್ಣಿಮೆಗಳನ್ನು ಪಕ್ಕಕ್ಕಿಟ್ಟು ಮಳೆಗಳ ಹೆಸರು ಹಿಡಿಯುತ್ತಾಳೆ. ಅಶ್ವಿನಿ, ಭರಣಿ, ಕೃತ್ತಿಕಾ, ರೋಹಿಣಿ, ಮೃಗಶಿರಾ. ಇವು ಚಂದ್ರ ದಿನಕ್ಕೊಂದರಂತೆ ದಾಟುವ ನಕ್ಷತ್ರಗಳೇ ಆದರೂ ಮಳೆಯ ಲೆಕ್ಕದಲ್ಲಿ ಅವುಗಳ ಮೇಲೆ ನಡೆಯುವವನು ಸೂರ್ಯ, ಒಂದೊಂದಕ್ಕೂ ಹದಿಮೂರು ಹದಿನಾಲ್ಕು ದಿನ. ಅದಕ್ಕೇ ಮಳೆ ನಕ್ಷತ್ರಗಳು ಪ್ರತಿ ವರ್ಷ ಹೆಚ್ಚುಕಡಿಮೆ ಅದೇ ತಾರೀಖಿಗೆ ಹೂಡುತ್ತವೆ. ರೋಹಿಣಿ ಮೇ 25ರ ಸುಮಾರಿಗೆ, ಮೃಗಶಿರಾ ಜೂನ್ 8ಕ್ಕೆ, ಆರಿದ್ರಾ 22ಕ್ಕೆ, ಮಘೆ ಆಗಸ್ಟ್ 17ಕ್ಕೆ. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ’, ‘ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು’. ಗಾದೆ ಕಟ್ಟಿದವರಿಗೆ ಮಳೆಗಾಲದ ವೇಳಾಪಟ್ಟಿ ಸೂರ್ಯನ ಕೈಯಲ್ಲಿದೆ ಎಂದು ಗೊತ್ತಿತ್ತು. ಹಬ್ಬಕ್ಕೆ ಚಂದ್ರ, ಹೊಲಕ್ಕೆ ಸೂರ್ಯ. ಅತ್ತ ಸೂರ್ಯನ ತಿಂಗಳನ್ನು ಎಣಿಸುವ ಅತ್ತೆಗೂ ಆಟಿಯಲ್ಲಿ, ಅಂದರೆ ಸೂರ್ಯ ಕರ್ಕಾಟಕದಲ್ಲಿರುವ ತಿಂಗಳಲ್ಲಿ, ಅಮಾವಾಸ್ಯೆ ಬೇಕೇ ಬೇಕು.

ಇವೆರಡನ್ನು ಜೊತೆಯಲ್ಲಿ ಇಟ್ಟುಕೊಳ್ಳುವುದು ಸುಲಭದ ಕೆಲಸವಲ್ಲ. ಹನ್ನೆರಡು ಚಾಂದ್ರಮಾಸಗಳು ಸೇರಿದರೆ 354 ದಿನ, ಸೂರ್ಯನ ವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಕಡಿಮೆ. ಹಾಗೆಯೇ ಬಿಟ್ಟರೆ ಯುಗಾದಿ ಮಳೆಗಾಲಕ್ಕೆ ಹೋಗಿ, ದೀಪಾವಳಿ ಬೇಸಿಗೆಗೆ ಬರುತ್ತದೆ. ಹಿಜರಿ ಪಂಚಾಂಗ ಹಾಗೆಯೇ ಬಿಟ್ಟಿದೆ. ಆದ್ದರಿಂದ ರಂಜಾನ್ ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಒಂದು ಸುತ್ತು ಹಾಕುತ್ತದೆ. ನಮ್ಮ ಊರಿನಲ್ಲಿ ಮೊಹರಂ ಎಂದರೆ ಅಲಾಯಿ ಹಬ್ಬ, ಎಲ್ಲ ಜಾತಿಯವರೂ ಕೂಡಿ ದೇವರು ಕೂಡಿಸುತ್ತಾರೆ. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವಾಗ ಒಂದು ಕಾಲಕ್ಕೆ ಸುಗ್ಗಿಯ ಧೂಳು ಇರುತ್ತಿತ್ತು, ಇನ್ನೊಂದು ಕಾಲಕ್ಕೆ ಮೊಣಕಾಲುದ್ದ ಕೆಸರು ಎಂದು ಅವ್ವ ನೆನೆಯುತ್ತಾಳೆ. 2025ರಲ್ಲಿ ಒಂದೇ ಅಮಾವಾಸ್ಯೆಯ ಹಿಂದೆ ಎರಡು ಹಬ್ಬ ಬಂದವು. ಮಾರ್ಚ್ 30ಕ್ಕೆ ಯುಗಾದಿ, ಅಂದು ಸಂಜೆ ಪಡುವಣದಲ್ಲಿ ಕಂಡ ಎಳೆಯ ಚಂದ್ರನಿಂದ ಮರುದಿನ ರಂಜಾನ್ ಹಬ್ಬ. ಬೇವುಬೆಲ್ಲ ಮತ್ತು ಸುರಕುಂಬಾ ನಮ್ಮ ಓಣಿಯಲ್ಲಿ ಒಂದೇ ತಟ್ಟೆಯಲ್ಲಿ ಅತ್ತಿತ್ತ ಹೋದವಂತೆ.

ಹಿಂದೂ ಪಂಚಾಂಗ ಹಿಡಿದ ದಾರಿ ಅಧಿಕ ಮಾಸ. ಎರಡು ಅಮಾವಾಸ್ಯೆಗಳ ನಡುವೆ ಸಂಕ್ರಮಣವೇ ಬಾರದಿದ್ದರೆ ಆ ತಿಂಗಳು ಅಧಿಕ, ಮುಂದಿನದು ನಿಜ. ಸರಾಸರಿ ಮೂವತ್ತೆರಡೂವರೆ ತಿಂಗಳಿಗೊಮ್ಮೆ, ಅಂದರೆ 19 ವರ್ಷಗಳಲ್ಲಿ ಏಳು ಸಲ ಹೀಗಾಗುತ್ತದೆ. ಅಪರೂಪಕ್ಕೆ ಒಂದೇ ತಿಂಗಳಿಗೆ ಎರಡು ಸಂಕ್ರಮಣ ಬಿದ್ದು ಒಂದು ಮಾಸವೇ ಮಾಯವಾಗುವುದೂ ಉಂಟು. 1983ರ ಆರಂಭದಲ್ಲಿ ಹಾಗೆ ಆಗಿತ್ತು. 2020ರಲ್ಲಿ ಆಶ್ವೀಜ ಅಧಿಕವಾಗಿ, ಸೆಪ್ಟೆಂಬರ್ 17ರ ಮಹಾಲಯ ಅಮಾವಾಸ್ಯೆಗೂ ಅಕ್ಟೋಬರ್ 17ರ ನವರಾತ್ರಿಯ ಆರಂಭಕ್ಕೂ ನಡುವೆ ಇಡೀ ಒಂದು ತಿಂಗಳು ಖಾಲಿ ಬಿದ್ದಿತ್ತು. ಕೊರೋನಾದ ಆ ವರ್ಷ ಹೇಗೂ ಕಾಲ ನಿಂತಂತಿತ್ತು. ಪಂಚಾಂಗವೂ ನಿಂತದ್ದು ಯಾರಿಗೂ ವಿಚಿತ್ರವೆನಿಸಲಿಲ್ಲ.

ಇಷ್ಟೆಲ್ಲ ಜಾಣತನವಿದ್ದರೂ ಪಂಚಾಂಗ ತಪ್ಪದ ಯಂತ್ರವೇನೂ ಅಲ್ಲ. ‘ನಮ್ಮ ಪೂರ್ವಿಕರು ನಾಸಾಗಿಂತ ನಿಖರ’ ಎಂಬ ಸಂದೇಶ ಪ್ರತಿ ಗ್ರಹಣಕ್ಕೂ ಮೊಬೈಲಿಗೆ ಬಂದು ಬೀಳುತ್ತದೆ. ಸಂಕ್ರಾಂತಿಯಂದು ಉತ್ತರಾಯಣ ಶುರು ಎನ್ನುತ್ತೇವೆ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ಕ್ಕೆ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಕೂಡಿದ್ದವು. ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ, ನಕ್ಷತ್ರಗಳನ್ನು ನಂಬಿದ ನಮ್ಮ ಲೆಕ್ಕ ಋತುಗಳಿಂದ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಜಾರುತ್ತಿದೆ. ಸ್ವಾಮಿ ವಿವೇಕಾನಂದರು ಹುಟ್ಟಿದ 1863ರ ಜನವರಿ 12 ಮಕರ ಸಂಕ್ರಾಂತಿಯ ದಿನವಾಗಿತ್ತು. 2024ರಲ್ಲಿ ನಾವು ಎಳ್ಳುಬೆಲ್ಲ ಬೀರಿದ್ದು 15ಕ್ಕೆ.

ಇದನ್ನು ಸರಿಪಡಿಸಲು ಭಾರತ ಸರ್ಕಾರ 1952ರಲ್ಲಿ ಭೌತವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. 1955ರಲ್ಲಿ ವರದಿ ಬಂತು, ಸಹಾ ಮರುವರ್ಷವೇ ತೀರಿಕೊಂಡರು, ರಾಷ್ಟ್ರೀಯ ಪಂಚಾಂಗ 1957ರ ಮಾರ್ಚ್ 22ಕ್ಕೆ ಜಾರಿಗೆ ಬಂತು. ಋತುಗಳಿಗೆ ಸರಿಯಾಗಿ ಕಟ್ಟಿದ ಅಚ್ಚುಕಟ್ಟಾದ ಲೆಕ್ಕ. ಚೈತ್ರ ಮಾರ್ಚ್ 22ಕ್ಕೆ, ಫೆಬ್ರವರಿಗೆ 29 ದಿನವಿರುವ ವರ್ಷದಲ್ಲಿ 21ಕ್ಕೆ. ಸರ್ಕಾರಿ ರಾಜಪತ್ರದಲ್ಲಿ ಅದು ಇಂದಿಗೂ ಅಚ್ಚಾಗುತ್ತದೆ. ಅದನ್ನು ನೋಡಿ ಹೋಳಿಗೆ ಮಾಡಿದವರನ್ನು ನಾನು ಕಂಡಿಲ್ಲ. ಅದರ ಚೈತ್ರದ ಮೊದಲ ದಿನ ಆಕಾಶದಲ್ಲಿ ಹುಣ್ಣಿಮೆಯೂ ಇರಬಹುದು. ಅಂಥ ಚೈತ್ರವನ್ನು ಅವ್ವನ ಮುಂದೆ ಯಾರು ಒಯ್ದು ಇಡುತ್ತಾರೆ?

ಈಗ 2023ಕ್ಕೆ ಬರುತ್ತೇನೆ, ಅವ್ವನ ಲೆಕ್ಕವೂ ಅತ್ತೆಯ ಲೆಕ್ಕವೂ ನನ್ನ ಅಡುಗೆಮನೆಯಲ್ಲಿ ಮುಖಾಮುಖಿಯಾದ ವರ್ಷ ಅದು. ಆ ಸಲ ಜುಲೈ 18ರಿಂದ ಆಗಸ್ಟ್ 16ರವರೆಗೆ ಅಧಿಕ ಶ್ರಾವಣ. ನಮ್ಮ ಕಡೆ ಅಧಿಕ ಮಾಸದಲ್ಲಿ ಮದುವೆ ಮುಂಜಿ ಇಲ್ಲ, ಬದಲಿಗೆ ಅಳಿಯನಿಗೆ ಉಪಚಾರ. ಮಗಳು ಅಳಿಯನನ್ನು ಲಕ್ಷ್ಮೀನಾರಾಯಣ ಎಂದು ಕೂರಿಸಿ 33 ಅನಾರಸ ಕೊಡುತ್ತಾರೆ. ಅಕ್ಕಿಯನ್ನು ಮೂರು ದಿನ ನೆನೆಹಾಕಿ, ದಿನವೂ ನೀರು ಬದಲಿಸಿ, ಕುಟ್ಟಿ, ಬೆಲ್ಲ ಕಲಸಿ, ಗಸಗಸೆಯ ಮೇಲೆ ತಟ್ಟಿ ತುಪ್ಪದಲ್ಲಿ ಬಿಡಬೇಕು. ಸ್ವಲ್ಪ ಹದ ತಪ್ಪಿದರೆ ಕರಗಿ ಬಾಣಲೆಯ ತುಂಬ ಹರಡಿಕೊಳ್ಳುತ್ತದೆ. ಅವ್ವ ಸ್ಟೀಲಿನ ಡಬ್ಬಿ ಹೊತ್ತುಕೊಂಡು ಬಸ್ಸಿನಲ್ಲಿ ಬಂದಳು.

ಅದೇ ತಿಂಗಳು ಅತ್ತೆ ಬೇರೊಂದು ಚಿಂತೆಯಲ್ಲಿದ್ದರು. ಆಟಿ ಅಮಾವಾಸ್ಯೆಯಂದು ಬೆಳಕು ಹರಿಯುವ ಮೊದಲು ಪಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತರಬೇಕು, ಕಬ್ಬಿಣ ತಾಗಿಸುವಂತಿಲ್ಲ. ಅದರ ರಸಕ್ಕೆ ಓಮ, ಬೆಳ್ಳುಳ್ಳಿ, ಕರಿಮೆಣಸು ಸೇರಿಸಿ ಬಿಳಿಗಲ್ಲು ಕಾಯಿಸಿ ಹಾಕಿದ ಕಷಾಯವನ್ನು ಬರಿಹೊಟ್ಟೆಯಲ್ಲಿ ಕುಡಿಯುತ್ತಾರೆ, ಆಮೇಲೆ ಮೆಂತೆ ಗಂಜಿ. ಮರ ಗುರುತಿಸುವವರೇ ತರಬೇಕು. ಕತ್ತಲಲ್ಲಿ ಪಾಲೆಯೆಂದು ಕಾಸರಕದ ತೊಗಟೆ ತಂದರೆ ಜೀವಕ್ಕೇ ಅಪಾಯ. ಅತ್ತೆಯ ಚಿಂತೆ ಮರದ್ದಲ್ಲ, ದಿನದ್ದು. ಆ ವರ್ಷ ಜುಲೈ 17ಕ್ಕೆ ಒಂದು ಅಮಾವಾಸ್ಯೆ, ಆಗಸ್ಟ್ 16ಕ್ಕೆ ಇನ್ನೊಂದು. ಎರಡೂ ಆಟಿಯೊಳಗೇ ಬಿದ್ದಿದ್ದವು. ಊರಿನಿಂದ ಮೈದುನ ಒಂದು ಹೇಳಿದರೆ ನಾದಿನಿ ಇನ್ನೊಂದು ಹೇಳುತ್ತಿದ್ದರು.

ಅವ್ವನಿಗೆ ಈ ಸಮಸ್ಯೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಕೂಡಲೇ ಡಬ್ಬಿ ತೋರಿಸಿ ‘ಬೀಗತಿಯವರೇ, ನಿಮ್ಮ ಎರಡು ಅಮಾವಾಸ್ಯೆಗಳ ನಡುವೆ ಇರುವುದೇ ಇದು’ ಎಂದಳು. ನಿಜ. ಸೂರ್ಯ ಕರ್ಕಾಟಕದಲ್ಲಿದ್ದ ಒಂದೇ ತಿಂಗಳಲ್ಲಿ ಚಂದ್ರ ಎರಡು ಅಮಾವಾಸ್ಯೆ ಮುಗಿಸಿದ್ದ. ಚಂದ್ರನನ್ನು ಎಣಿಸುವವರಿಗೆ ಅದು ಒಂದು ಹೆಚ್ಚಿನ ತಿಂಗಳಾಗಿ ಕಂಡಿತು, ಸೂರ್ಯನನ್ನು ಎಣಿಸುವವರಿಗೆ ಒಂದು ಹೆಚ್ಚಿನ ಅಮಾವಾಸ್ಯೆಯಾಗಿ. ಪುಸ್ತಕದಲ್ಲಿ ಈ ಸೂತ್ರವನ್ನು ಓದಿದ್ದ ನನಗೂ, ಆ ಎರಡು ಗೋಜಲುಗಳು ಒಂದೇ ಎಂದು ಅವ್ವ ಹೇಳುವವರೆಗೆ ಹೊಳೆದಿರಲಿಲ್ಲ. ‘ಅಧಿಕದ ಬಾಲಕ್ಕೆ ಇರುವುದು ಲೆಕ್ಕಕ್ಕೆ ಬರುತ್ತದೆಯೇ, ತಲೆಗೆ ಇರುವುದೇ?’ ಎಂದು ಅತ್ತೆ ಕೇಳಿದರು. ಅದಕ್ಕೆ ಅವ್ವನ ಬಳಿಯೂ ಉತ್ತರವಿರಲಿಲ್ಲ.

ಕೊನೆಗೆ ಅತ್ತೆ ತಾವೇ ತೀರ್ಮಾನಿಸಿದರು. ಜುಲೈ 17ರಂದು ಊರಿನಲ್ಲಿ ಕುಡಿದವರು ಕುಡಿದಾಗಿತ್ತು. ಅಂದು ಬೆಂಗಳೂರಿನಲ್ಲಿ ತೊಗಟೆ ಸಿಗದೆ ಮಗನಿಗೆ ತಪ್ಪಿಹೋದದ್ದರಿಂದ ಆಗಸ್ಟ್ 16ರದೂ ನಡೆಯುತ್ತದೆ ಎಂದರು. ಮೈದುನ ಬಾಟಲಿಯಲ್ಲಿ ರಸ ತುಂಬಿ ರಾತ್ರಿಯ ಬಸ್ಸಿನ ಚಾಲಕರ ಕೈಯಲ್ಲಿ ಕಳಿಸಿದ. ಹೀಗಾಗಿ ನನ್ನ ಗಂಡನಿಗೆ ಆ ಅಧಿಕ ಮಾಸದಲ್ಲಿ ಅನಾರಸವೂ ಸಿಕ್ಕಿತು, ಕಷಾಯವೂ ತಪ್ಪಲಿಲ್ಲ. ಕಹಿ ಕುಡಿದ ಬಾಯಿಗೆ ಉಳಿದಿದ್ದ ಎರಡು ಅನಾರಸ ಹಾಕಿಕೊಂಡು, ಎರಡೂ ಕಡೆಯವರು ಸೇರಿ ತನ್ನ ಮೇಲೆ ಪ್ರಯೋಗ ಮಾಡುತ್ತಿದ್ದಾರೆ ಎಂದು ಗೊಣಗಿದರು.

ಮುಂದಿನ ಅಧಿಕ ಮಾಸ 2026ರ ಮೇ 17ರಿಂದ ಜೂನ್ 15ರವರೆಗೆ, ಜ್ಯೇಷ್ಠದಲ್ಲಿ. ಅವ್ವ ಅಕ್ಕಿ ಯಾವುದು ತರಬೇಕೆಂದು ಈಗಲೇ ಯೋಚಿಸುತ್ತಿದ್ದಾಳೆ. ಅತ್ತೆ ಲೆಕ್ಕ ಹಾಕಿ, ಈ ಸಲದ ಹೆಚ್ಚಿನ ಅಮಾವಾಸ್ಯೆ ಬೇಸ ತಿಂಗಳಿಗೆ ಬೀಳುತ್ತದೆ ಎಂದು ಹೇಳಿದರು. ಬೇಸದಲ್ಲಿ ಕಷಾಯವಿಲ್ಲ. ನನ್ನ ಗಂಡ ಆ ಎರಡು ತಾರೀಖುಗಳನ್ನು ಮೊಬೈಲಿನಲ್ಲಿ ಗುರುತು ಹಾಕಿಕೊಂಡಿದ್ದಾರೆ.